ಎಷ್ಟು ಸೆಂಟ್ ಬಿತ್ತು?

ಕೊಡಗಿನಲ್ಲಿ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ, ಬಂದರಂತೂ ಇರಲು ಸಾಧ್ಯವೇ ಇಲ್ಲ. ಆದರೂ ಥಾಯ್ಲೆಂಡಿನ ಫುಕೆಟ್‌ನಲ್ಲಿ ಹಾಯಿದೋಣಿ ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಆರಾಮವಾಗಿ ತೇಲಿಕೊಂಡು ಹೋಗೋಣ ಎಂಬ ಯೋಚನೆ ಹುಟ್ಟಿದ್ದು ಮಡಿಕೇರಿಯಲ್ಲೇ. ಹುಟ್ಟಿಸಿದವನು ಪೊನ್ನಂಪೇಟೆ ಕಡೆಯ ಗೆಳೆಯ. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದ ಸಮಯ. ನಾಪೋಕ್ಲುವಿನವನು ಕೂಡಲೇ ಒಪ್ಪಿದ, ಸೋಮವಾರಪೇಟೆಯವನು ಹೆಂಡತಿಯನ್ನು ಒಪ್ಪಿಸಿದ. ತೋಟವಿಲ್ಲದ, ಸಂಬಳವನ್ನೇ ಬೆಳೆಯೆಂದು ನಂಬಿದ ನನ್ನನ್ನು ಖರ್ಚಿನ ಲೆಕ್ಕ ಬರೆಯಲು ಸೇರಿಸಿಕೊಂಡರು.

ಪ್ರವಾಸ ಮಾರ್ಚ್‌ಗೆ ಬಿತ್ತು. ಫುಕೆಟ್‌ನ ಪೂರ್ವಕ್ಕಿರುವ ಫಾಂಗ್ ನ್ಗಾ ಕೊಲ್ಲಿಯಲ್ಲಿ ಅದು ಒಣ ಹವೆಯ, ಶಾಂತ ಸಮುದ್ರದ ಕಾಲ. ಕೊಡಗಿನಲ್ಲಿ ಅದು ಯಾರೂ ಶಾಂತವಾಗಿರದ ಕಾಲ. ಕಾಫಿ ಗಿಡದ ಮೊಗ್ಗುಗಳು ಹೂಮಳೆಗಾಗಿ, ಅಂದರೆ ತಮ್ಮನ್ನು ಅರಳಿಸುವ ಮಳೆಗಾಗಿ, ಕಾದು ಕುಳಿತಿರುತ್ತವೆ. ಮಳೆಯನ್ನು ನಾವು ಅಳೆಯುವುದು ಸೆಂಟಿನಲ್ಲಿ, ನೂರು ಸೆಂಟ್ ಎಂದರೆ ಒಂದು ಇಂಚು. ರೋಬಸ್ಟಾ ಕಾಫಿಗೆ ಇಂಚಿನಷ್ಟಾದರೂ ಬೀಳಬೇಕು. ಕಾಲಿಂಚು ಬಿದ್ದು ನಿಂತರೆ ಬೀಳದಿರುವುದೇ ವಾಸಿ ಎನ್ನುತ್ತಾರೆ ಬೆಳೆಗಾರರು, ಮೊಗ್ಗು ಎಚ್ಚರಗೊಂಡು ನೀರು ಸಾಲದೆ ಕರಟುತ್ತದೆ. ಹಾಗಾಗಿ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಮದುವೆ ಮನೆಯಾಗಲಿ ಸಾವಿನ ಮನೆಯಾಗಲಿ, ಮೊದಲ ಪ್ರಶ್ನೆ ಒಂದೇ: "ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?" ಈ ಪ್ರಶ್ನೆಯನ್ನು ಊರಿನಲ್ಲೇ ಬಿಟ್ಟು ಬರಬೇಕೆಂದು ವಿಮಾನದಲ್ಲಿ ಮೂವರೂ ಆಣೆ ಮಾಡಿದರು.

ದೋಣಿ ಎರಡು ಒಡಲಿನ ಕ್ಯಾಟಮರಾನ್. ಕ್ಯಾಪ್ಟನ್ ಮಿತಭಾಷಿ, ಕೊ ಯಾವ್ ನೋಯ್ ದ್ವೀಪದ ಮುಸ್ಲಿಂ. ಆದ್ದರಿಂದ ಹಂದಿ ಮಾಂಸದ ಸಾರಿಗೆಂದು ಹೊತ್ತು ತಂದಿದ್ದ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಮೀನಿನ ಪಾಲಾಯಿತು. ಅದರಲ್ಲೂ ಅರ್ಧ ಬಾಟಲಿ ದಾರಿಯಲ್ಲೇ ಸೋಮವಾರಪೇಟೆಯವನ ಬಿಳಿ ಅಂಗಿಗಳ ಪಾಲಾಗಿತ್ತು. ಒಳ್ಳೆಯ ಗಾಳಿಯಲ್ಲಿ ದೋಣಿಯ ವೇಗ ಐದು ನಾಟ್, ಅಂದರೆ ಗಂಟೆಗೆ ಒಂಬತ್ತು ಕಿಲೋಮೀಟರ್ ಚಿಲ್ಲರೆ. ಭಾಗಮಂಡಲದಿಂದ ತಲಕಾವೇರಿಗೆ ಹತ್ತಿರ ಹತ್ತಿರ ಒಂದು ಗಂಟೆ! ಜೀಪಿನಲ್ಲಿ ಬದುಕು ಸವೆಸಿದವರಿಗೆ ಇದು ಆರಾಮವಲ್ಲ, ಶಿಕ್ಷೆ. "ಈ ನೀರಿನಲ್ಲಿ ನಮ್ಮ ಕಾವೇರಿಯದೂ ಸ್ವಲ್ಪ ಇರಬೇಕು" ಎಂದು ನಾಪೋಕ್ಲುವಿನವನು ಭಾವುಕನಾದ. "ತಮಿಳುನಾಡಿನವರು ಉಳಿಸಿದ್ದರೆ" ಎಂದ ಪೊನ್ನಂಪೇಟೆಯವನು.

ವರ್ಷಕ್ಕೆ ನೂರು ಇಂಚು ದಾಟುವ ಮಳೆಯಲ್ಲಿ ಬೆಳೆದು, ಹಂಡೆಗಟ್ಟಲೆ ಬಿಸಿನೀರು ಸುರಿದುಕೊಳ್ಳದೆ ಸ್ನಾನವಾಯಿತೆಂದು ಒಪ್ಪದ ಜನ ನಾವು. ದೋಣಿಯಲ್ಲಿ ಸಿಹಿನೀರಿಗೆ ಪಡಿತರ. ಸಮುದ್ರದಲ್ಲಿ ಮುಳುಗಿ, ಸೋಪು ಹಚ್ಚಿ, ಮತ್ತೆ ಮುಳುಗಿ, ಕೊನೆಗೆ ಚೂರೇ ಚೂರು ಸಿಹಿನೀರು. ಶೌಚಾಲಯಕ್ಕೆ ಕೈಪಂಪು. ಮೊದಲು ಬಾಯಿಯ ಮೂಲಕ ಒಳಗೆ ಹೋದದ್ದನ್ನು ಬಿಟ್ಟು ಬೇರೇನನ್ನೂ ಅದಕ್ಕೆ ಹಾಕಬಾರದೆಂದು ಕ್ಯಾಪ್ಟನ್ ತಾಕೀತು ಮಾಡಿದ್ದ. ಯಾರೋ ಹಾಕಿದರು. ಅಂದಿನ ಮಧ್ಯಾಹ್ನದ ಬಗ್ಗೆ ಇಷ್ಟು ಸಾಕು.

ಆ ಕೊಲ್ಲಿಯಲ್ಲಿ ಸುಣ್ಣಕಲ್ಲಿನ ದ್ವೀಪಗಳು ನೀರಿನಿಂದ ನೇರವಾಗಿ ಎದ್ದು ನಿಂತಿವೆ. ಕೆಲವು ಒಳಗೆ ಟೊಳ್ಳು. ಇಳಿತದ ಹೊತ್ತಿನಲ್ಲಿ ಗುಹೆಯ ಬಾಯಿ ತೆರೆದಿರುವಾಗ ಪುಟ್ಟ ದೋಣಿಯಲ್ಲಿ ಅಂಗಾತ ಮಲಗಿ ನುಸುಳಿದರೆ ಒಳಗೊಂದು ಕೊಳ, ಸುತ್ತಲೂ ಬಂಡೆಯ ಗೋಡೆ, ಮೇಲೆ ಆಕಾಶ. ಭರತ ಏರುವ ಮೊದಲೇ ಹೊರಗೆ ಬರಬೇಕು. ಕ್ಯಾಪ್ಟನ್ ನಾಪೋಕ್ಲುವಿನವನ ಹೊಟ್ಟೆಯನ್ನೊಮ್ಮೆ ಗುಹೆಯ ಬಾಯನ್ನೊಮ್ಮೆ ನೋಡಿ, ಏನೂ ಹೇಳದೆ ಹುಟ್ಟು ಹಾಕಿದ. ಬಾವಲಿ ವಾಸನೆಯ ಕತ್ತಲು ದಾಟಿ ಕೊಳಕ್ಕೆ ಬಂದೆವು. ನಾನು ಬಾಯಿ ತೆರೆದು ನೋಡುತ್ತಿದ್ದೆ. ನಾಪೋಕ್ಲುವಿನವನು ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದ. ಫೋಟೊಗಲ್ಲ, ಸಿಗ್ನಲ್‌ಗೆ. ತೋಟದ ರೈಟರ್, ಅಂದರೆ ಗುಮಾಸ್ತ, ಬೆಳಿಗ್ಗೆ "ಮೋಡ ಕಟ್ಟಿದೆ" ಎಂದಿದ್ದನಂತೆ. ಆಣೆಯ ನೆನಪು ಮಾಡಿದ್ದಕ್ಕೆ, "ಆಣೆ ದೋಣಿಗೆ ಮಾತ್ರ, ಇದು ಗುಹೆ" ಎಂದ. ಅವನು ಮೂಲೆ ಮೂಲೆಗೂ ಮೊಬೈಲ್ ತೋರಿಸಿ ಮುಗಿಸುವಷ್ಟರಲ್ಲಿ ನೀರು ಏರಿತ್ತು. ಮರಳುವಾಗ ಕ್ಯಾಪ್ಟನ್ ಅವನಿಗೆ ಉಸಿರು ಬಿಡಲು ಹೇಳಿದ, ಇನ್ನೂ ಬಿಡಲು ಹೇಳಿದ. ಅಂಗಿಯ ಎರಡು ಗುಂಡಿಗಳು ಥಾಯ್ಲೆಂಡಿನ ಆಸ್ತಿಯಾದವು.

ಅಂದು ಸಂಜೆ, ಒಣ ಹವೆಯ ಕಾಲದಲ್ಲಿ, ಎಲ್ಲಿಂದಲೋ ಕಪ್ಪು ಮೋಡ ಬಂದು ಧೋ ಎಂದು ಸುರಿಯಿತು. ಕ್ಯಾಪ್ಟನ್ ಹಾಯಿ ಇಳಿಸಲು ಕೂಗುತ್ತಿದ್ದರೆ ನಮ್ಮವರು ಡೆಕ್ಕಿನ ಮೇಲೆ ಸ್ಟೀಲ್ ಲೋಟ ಇಟ್ಟು ಅದರ ಸುತ್ತ ತೋಯುತ್ತ ನಿಂತಿದ್ದರು. ನೂರಹತ್ತು ಸೆಂಟ್ ಎಂದ ಒಬ್ಬ, ನೂರಿಪ್ಪತ್ತಕ್ಕೆ ಕಡಿಮೆಯಿಲ್ಲ ಎಂದ ಇನ್ನೊಬ್ಬ. ಕುಡಿಯುವುದಕ್ಕೋ ಎಂದು ಕ್ಯಾಪ್ಟನ್ ಕೇಳಿದ. "ದಂಡ, ಪೂರ್ತಿ ದಂಡ" ಎಂದು ಪೊನ್ನಂಪೇಟೆಯವನು ಸಮುದ್ರದತ್ತ ಕೈ ಮಾಡಿದ, ಕನ್ನಡದಲ್ಲೇ.

ಕೊ ಯಾವ್ ನೋಯ್ ಹತ್ತಿರ ಲಂಗರು ಹಾಕಿದಾಗ ಮೊಬೈಲ್‌ಗಳಿಗೆ ಜೀವ ಬಂತು. ಪೊನ್ನಂಪೇಟೆಯವನ ರೈಟರ್ ಅಳುಕುತ್ತ ವರದಿ ಒಪ್ಪಿಸಿದ: "ನಮ್ಮಲ್ಲಿ ಇಪ್ಪತ್ತು ಸೆಂಟ್, ಸಾಹುಕಾರರೇ. ರಸ್ತೆಯಾಚೆ ನಿಮ್ಮ ಭಾವನವರ ತೋಟದಲ್ಲಿ ಒಂದೂವರೆ ಇಂಚು." ಇಪ್ಪತ್ತು ಸೆಂಟ್ ಎಂದರೆ ತಡಮಾಡದೆ ಸ್ಪ್ರಿಂಕ್ಲರ್ ಓಡಿಸಬೇಕು. ಇವನ ಕೆರೆ ತಳ ಕಂಡಿತ್ತು. ನೀರಿದ್ದದ್ದು ಭಾವನ ಕೆರೆಯಲ್ಲಿ, ಅದೂ ಈಗ ಅವರಿಗೆ ಬೇಕಿಲ್ಲದ ನೀರು. ಬಹಳ ಹೊತ್ತು ಡೆಕ್ಕಿನ ಮೇಲೆ ಅತ್ತಿಂದಿತ್ತ ನಡೆದಾಡಿ, ಗಂಟಲು ಸರಿಮಾಡಿಕೊಂಡು ಕರೆ ಮಾಡಿದ.

"ಭಾವ, ನಿಮ್ಮ ಕೆರೆಯಿಂದ ಸ್ವಲ್ಪ ನೀರು ಬೇಕಿತ್ತು."

"ಎಲ್ಲಿದ್ದೀಯ ಈಗ?"

"ಸಮುದ್ರದಲ್ಲಿ."

ಆ ಕಡೆಯ ನಗು ನಮಗೆಲ್ಲ ಕೇಳಿಸಿತು. ನೀರು ಕೊಡಲು ಭಾವ ಒಪ್ಪಿದರು. ಪಂಪಿಗೆ ಡೀಸೆಲ್ ಮಾತ್ರ ಅವನದೇ ಎಂದರು.