ಆರು ದಿನ, ಐದು ಪಂದ್ಯ, ಒಂದು ಲೆಕ್ಕದ ಪುಸ್ತಕ

2024ರ ಅಕ್ಟೋಬರ್ 5ರ ಸಂಜೆ ಅಮೆರಿಕದ ಟೆನೆಸ್ಸಿ ರಾಜ್ಯದ ನಮ್ಮ ನ್ಯಾಶ್‌ವಿಲ್‌ನಲ್ಲಿ ಕಾಲೇಜು ಹುಡುಗರು ಮೈದಾನದ ಗೋಲ್ ಕಂಬ ಕಿತ್ತು, ಹೆಗಲ ಮೇಲೆ ಹೊತ್ತು, ಪೇಟೆಬೀದಿಯಲ್ಲಿ ಮೆರವಣಿಗೆ ಮಾಡಿ ಕಂಬರ್‌ಲೆಂಡ್ ನದಿಗೆ ಬಿಟ್ಟರು. ಗಣಪತಿ ಬಿಡೋದನ್ನು ನೋಡಿ ಬೆಳೆದ ನನಗೆ ಅದು ಪರದೇಶದ ದೃಶ್ಯ ಅನ್ನಿಸಲೇ ಇಲ್ಲ. ತಮಟೆ ಒಂದು ಕಮ್ಮಿ ಇತ್ತು, ಅಷ್ಟೆ. ಫುಟ್‌ಬಾಲ್‌ನಲ್ಲಿ ಸದಾ ಸೋಲುತ್ತಿದ್ದ ಇಲ್ಲಿಯ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಆ ದಿನ ದೇಶದ ಒಂದನೇ ನಂಬರಿನ ಅಲಬಾಮಾವನ್ನು 40-35ರಲ್ಲಿ ಮಣಿಸಿತ್ತು. ಜನ ಮೈದಾನಕ್ಕೆ ನುಗ್ಗಿದ್ದಕ್ಕೆ ಕಾನ್ಫರೆನ್ಸಿನವರು, ಅಂದರೆ ಕಾಲೇಜುಗಳ ಕೂಟದವರು, ವಿಶ್ವವಿದ್ಯಾಲಯಕ್ಕೆ ಒಂದು ಲಕ್ಷ ಡಾಲರ್ ದಂಡ ಹಾಕಿದರು. ಯಾರೂ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ.

ಸೋಮವಾರ ಆಫೀಸಿನಲ್ಲಿ ಮಾತ್ರ ಇಲ್ಲಿಯವರೇ ಆದ ಹಿರಿಯ ಸಹೋದ್ಯೋಗಿಯೊಬ್ಬರು ಖುಷಿಯ ನಡುವೆಯೇ ನಿಟ್ಟುಸಿರು ಬಿಟ್ಟರು. ಕಾಲೇಜು ಫುಟ್‌ಬಾಲ್ ಈಗ ಕಾಲೇಜಿನದ್ದಾಗಿ ಉಳಿದಿಲ್ಲ, ಟಿವಿ ದುಡ್ಡು ಎಲ್ಲ ಹಾಳು ಮಾಡಿತು, ಮೊದಲು ಹೀಗಿರಲಿಲ್ಲ ಅಂದರು.

ಅವರ ಮಾತಿನ ಮೊದಲರ್ಧ ಸುಳ್ಳಲ್ಲ. ಟೆಕ್ಸಾಸ್ 2024ರಲ್ಲಿ ಆಗ್ನೇಯದ ಕಾಲೇಜುಗಳ ಕೂಟಕ್ಕೆ, ಅಂದರೆ ಎಸ್‌ಇಸಿಗೆ, ಸೇರಿತು. ಪೆಸಿಫಿಕ್ ದಡದ ಸ್ಟ್ಯಾನ್‌ಫೋರ್ಡ್ ಈಗ ‘ಅಟ್ಲಾಂಟಿಕ್ ಕೋಸ್ಟ್’ ಎಂಬ ಹೆಸರಿನ ಕೂಟದಲ್ಲಿದೆ. ಭೂಗೋಳದ ಮೇಷ್ಟ್ರು ಇದನ್ನು ಕೇಳಿದರೆ ಬೆತ್ತ ಹುಡುಕುತ್ತಿದ್ದರು. ಎಸ್‌ಇಸಿಯ ಒಂದೊಂದು ವಿಶ್ವವಿದ್ಯಾಲಯದ ಪಾಲಿಗೆ 2023-24ರಲ್ಲಿ ಸರಾಸರಿ 5 ಕೋಟಿ ಡಾಲರಿಗೂ ಹೆಚ್ಚು ಬಂತು. 2025ರಿಂದ ನ್ಯಾಯಾಲಯದ ರಾಜಿಯಂತೆ ಆಟಗಾರರಿಗೆ ನೇರವಾಗಿ ಹಣ ಕೊಡಲು ಅವಕಾಶವಾಗಿದೆ. ಒಂದು ಕಾಲೇಜಿಗೆ ಮೊದಲ ವರ್ಷದ ಮಿತಿ 2.05 ಕೋಟಿ ಡಾಲರ್.

ನನ್ನ ತಕರಾರು ಇರೋದು ‘ಮೊದಲು ಹೀಗಿರಲಿಲ್ಲ’ ಅನ್ನುವುದರ ಬಗ್ಗೆ. ಯಕ್ಷಗಾನದ ಬಗ್ಗೆ, ಜಾತ್ರೆಯ ಬಗ್ಗೆ, ದೋಸೆಯ ಬಗ್ಗೆ ಕೂಡ ಜನ ಹೀಗೇ ಹೇಳುತ್ತಾರೆ. ಯಾವ ‘ಮೊದಲು’ ಅಂತ ಕೇಳಿದರೆ ಹೇಳಿದವರು ಸುಮ್ಮನಾಗುತ್ತಾರೆ. ಈ ಆಟದಲ್ಲಿ ಆ ಮೊದಲು ಯಾವುದು ಅಂತ ಹುಡುಕಿ ಓದಿದೆ. ಅಲ್ಲಿ ನನಗೆ ಸಿಕ್ಕಿದ್ದು 1899ರ ಒಂದು ಸೀಸನ್, ಮತ್ತು ಇಪ್ಪತ್ತು ವರ್ಷದ ಒಬ್ಬ ಮ್ಯಾನೇಜರ್.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು. ಇಲ್ಲಿ ಕಾನ್ಫರೆನ್ಸ್ ಅಂದರೆ ಭಾಷಣದ ಸಭೆಯಲ್ಲ, ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಕೂಟ. ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡೂ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಮೇಲೆ ಬೀಳುವ ಆಟ.

ದಕ್ಷಿಣದ ರಾಜ್ಯಗಳಲ್ಲಿ ಇಂಥ ಮೊದಲ ದೊಡ್ಡ ಕೂಟ ಹುಟ್ಟಿದ್ದು 1894ರ ಡಿಸೆಂಬರ್ 22ರಂದು, ಅಟ್ಲಾಂಟಾದಲ್ಲಿ. ಹುಟ್ಟುಹಾಕಿದವರು ವ್ಯಾಂಡರ್‌ಬಿಲ್ಟ್‌ನ ರಸಾಯನಶಾಸ್ತ್ರದ ಪ್ರೊಫೆಸರ್ ವಿಲಿಯಂ ಡಡ್ಲಿ. ಆ ಗೋಲ್ ಕಂಬ ಕಿತ್ತ ಮೈದಾನಕ್ಕೆ ಮೊದಲಿದ್ದ ಹೆಸರು ಅವರದ್ದೇ, ಡಡ್ಲಿ ಫೀಲ್ಡ್. ಸೇರಿದ್ದು ಏಳು ಕಾಲೇಜು: ಅಲಬಾಮಾ, ಆಬರ್ನ್, ಜಾರ್ಜಿಯಾ, ಜಾರ್ಜಿಯಾ ಟೆಕ್, ನಾರ್ತ್ ಕ್ಯಾರೊಲಿನಾ, ವ್ಯಾಂಡರ್‌ಬಿಲ್ಟ್ ಮತ್ತು ಸವಾನಿ. ಮೇಷ್ಟ್ರುಗಳೆಲ್ಲ ಸೇರಿ ಕೂಟ ಕಟ್ಟಿದ್ದು ಯಾಕೆ? ದುಡ್ಡು ಕೊಟ್ಟು ಕರೆತಂದವರನ್ನು, ತರಗತಿಯ ಮುಖವನ್ನೇ ನೋಡದವರನ್ನು ವಿದ್ಯಾರ್ಥಿ ಅಂತ ಮೈದಾನಕ್ಕಿಳಿಸುವುದನ್ನು ತಡೆಯೋಕೆ. ಗಮನಿಸಿ, ಇದು 1894. ಟಿವಿ ಇರಲಿ, ರೇಡಿಯೋನೂ ಇಲ್ಲ. ಕೂಟ ಹುಟ್ಟಿದ್ದೇ ದುಡ್ಡಿನ ಕಾಟಕ್ಕೆ ಮದ್ದಾಗಿ. ಅಂದಮೇಲೆ ಕಾಯಿಲೆ ಅದಕ್ಕಿಂತ ಹಳೆಯದು.

ಕೂಟ ಅಂತ ಆದಮೇಲೂ ಈಗಿನ ಹಾಗೆ ವೇಳಾಪಟ್ಟಿ ಇರಲಿಲ್ಲ. ಯಾರು ಯಾರ ಮೇಲೆ, ಎಲ್ಲಿ, ಗೇಟಿನಲ್ಲಿ ಬಂದ ಟಿಕೆಟ್ ದುಡ್ಡಲ್ಲಿ ಯಾರಿಗೆಷ್ಟು ಅನ್ನುವುದನ್ನು ಕಾಲೇಜುಗಳು ಕಾಗದ ಬರೆದೇ ಕುದುರಿಸಿಕೊಳ್ಳಬೇಕು. ಸವಾನಿಯಲ್ಲಿ ಆ ಕೆಲಸ ವಿದ್ಯಾರ್ಥಿ ಮ್ಯಾನೇಜರ್ ಲ್ಯೂಕ್ ಲೀಯದ್ದು.

ಸವಾನಿ ಅಂದರೆ ಟೆನೆಸ್ಸಿಯ ಬೆಟ್ಟದ ಮೇಲಿನ ಚಿಕ್ಕ ಚರ್ಚ್ ಕಾಲೇಜು. ವರ್ಷದ ದೊಡ್ಡ ಗಳಿಕೆಯೆಂದರೆ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ಜೊತೆಗಿನ ಪಂದ್ಯ. ಆ ವರ್ಷ ಗೇಟಿನ ಹಣದ ಪಾಲಿನ ವಿಷಯಕ್ಕೇ ಎರಡೂ ಕಡೆಯವರಿಗೆ ಜಗಳವಾಗಿ ಪಂದ್ಯ ನಿಂತುಹೋಯಿತು. ಲೀ ಮುಂದೆ ಖಾಲಿ ಗಲ್ಲಾಪೆಟ್ಟಿಗೆ. ಆತ ಮಾಡಿದ ಏರ್ಪಾಡು ನೋಡಿ: ನವೆಂಬರ್ 9, ಗುರುವಾರ, ಆಸ್ಟಿನ್‌ನಲ್ಲಿ ಟೆಕ್ಸಾಸ್ ಮೇಲೆ. ಮಾರನೇ ದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ. ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್. ಭಾನುವಾರ ದೇವರ ದಿನ, ಆಟವಿಲ್ಲ. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಯಿಸಿಯಾನಾ ಸ್ಟೇಟ್. ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪ್ಪಿ. ಹೋಗಿಬರಲು ಸುಮಾರು 4,000 ಕಿಲೋಮೀಟರ್ ರೈಲು. ರಾತ್ರಿ ಬೋಗಿಯಲ್ಲಿ ನಿದ್ದೆ, ಹಗಲು ಮೈದಾನದಲ್ಲಿ ಗುದ್ದಾಟ.

ಐದೂ ಗೆದ್ದರು. 12-0, 10-0, 23-0, 34-0, 12-0. ಎದುರಾಳಿಗೆ ಒಂದೇ ಒಂದು ಪಾಯಿಂಟ್ ಇಲ್ಲ!

ಈಗಿನ ಆಟ ನೋಡಿದವರು ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಮುಂದಕ್ಕೆ ಚೆಂಡೆಸೆಯುವ ಹಾಗೇ ಇರಲಿಲ್ಲ, ಅದಕ್ಕೆ ಅನುಮತಿ ಸಿಕ್ಕಿದ್ದು 1906ರಲ್ಲಿ. ಮೂರು ಪ್ರಯತ್ನದಲ್ಲಿ ಐದು ಗಜ ಮುಂದೆ ಹೋಗಬೇಕು. ಗೆರೆ ದಾಟಿದರೆ ಐದು ಪಾಯಿಂಟ್, ಈಗಿನ ಹಾಗೆ ಆರಲ್ಲ. ಅದೇ ಹನ್ನೊಂದು ಜನ ದಾಳಿಗೂ, ಅದೇ ಹನ್ನೊಂದು ಜನ ತಡೆಯೋದಕ್ಕೂ. ಶಿರಸ್ತ್ರಾಣ ಕಡ್ಡಾಯವಾಗಿದ್ದು 1939ರಲ್ಲಿ. ಹಾಗಾಗಿ ಒಂದು ರಾಶಿ ಹುಡುಗರು ಇನ್ನೊಂದು ರಾಶಿಯನ್ನು ಬರಿ ಮೈ ಬಲದಿಂದ ತಳ್ಳುವುದೇ ಆಟ. ಟೆಕ್ಸಾಸ್ ಪಂದ್ಯದಲ್ಲಿ ನಾಯಕ ಸೈಬಲ್ಸ್ ತಲೆ ಒಡೆದುಕೊಂಡು, ಗಾಯಕ್ಕೆ ಪಟ್ಟಿ ಅಂಟಿಸಿಕೊಂಡೇ ಆಡಿದ. ಮಾರನೇ ದಿನ ಮತ್ತೆ ಮೈದಾನ.

ಆ ಸೀಸನ್ ಮುಗಿದಾಗ ಸವಾನಿ ಆಡಿದ 12 ಪಂದ್ಯಗಳಲ್ಲಿ 12 ಗೆದ್ದಿತ್ತು. ಒಟ್ಟು 322 ಪಾಯಿಂಟ್ ಹೊಡೆದು ಬಿಟ್ಟುಕೊಟ್ಟಿದ್ದು ಬರೀ 10. ಆ ಹತ್ತೂ ಹೊಡೆದದ್ದು ಆಬರ್ನ್. ಥ್ಯಾಂಕ್ಸ್‌ಗಿವಿಂಗ್ ದಿನ ಮಾಂಟ್ಗಾಮೆರಿಯಲ್ಲಿ ಸವಾನಿ 11-10ರಲ್ಲಿ ತಪ್ಪಿಸಿಕೊಂಡಿತು. ಆಬರ್ನ್ ಕೋಚ್ ಜಾನ್ ಹೈಸ್ಮನ್, ಈಗ ಪ್ರತಿವರ್ಷ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯ ಹೈಸ್ಮನ್. ಅಂಪೈರ್ ತಮಗೆ ಅನ್ಯಾಯ ಮಾಡಿದ ಅಂತ ಆ ಮಹಾಶಯ ಪತ್ರಿಕೆಯಲ್ಲಿ ಹರಿಹಾಯ್ದ. ಅಂಪೈರ್‌ನನ್ನು ಬೈಯುವುದಾದರೂ ಅಪ್ಪಟ ಹಳೆಯ ಸಂಪ್ರದಾಯ, ಇದನ್ನು ನನ್ನ ಸಹೋದ್ಯೋಗಿ ಖಂಡಿತ ಒಪ್ಪುತ್ತಾರೆ.

ಈ ಕಥೆಯನ್ನು ಇಲ್ಲಿ ಎಲ್ಲರೂ ವೀರಗಾಥೆಯ ಹಾಗೆ ಹೇಳುತ್ತಾರೆ. ನನಗೂ ಓದಿದಾಗ ರೋಮಾಂಚನವಾಯಿತು, ಸುಳ್ಳು ಹೇಳಲಾರೆ. ಆದರೆ ಆ ಆರು ದಿನದ ಐದು ಪಂದ್ಯ ಯಾವ ವೀರನ ಹರಕೆಯೂ ಅಲ್ಲ. ಒಂದು ಪಂದ್ಯದ ಗೇಟ್ ದುಡ್ಡು ತಪ್ಪಿತು, ಅದನ್ನು ಐದು ಊರಿನ ಗೇಟಿನಿಂದ ತುಂಬಬೇಕಾಯಿತು. ಒಮ್ಮೆ ರೈಲಿನ ಖರ್ಚು ಹಾಕಿದ ಮೇಲೆ ದಾರಿಯಲ್ಲಿ ಎಷ್ಟು ಪಂದ್ಯ ಆಡಿದರೆ ಅಷ್ಟು ಲಾಭ. ಯಾವ ನಾಟಕ ಕಂಪನಿಯ ಮಾಲೀಕನನ್ನು ಕೇಳಿದರೂ ಇದೇ ಲೆಕ್ಕ ಹೇಳುತ್ತಿದ್ದ: ಕ್ಯಾಂಪ್ ಹಾಕಿದ ಊರಲ್ಲಿ ರಾತ್ರಿ ಖಾಲಿ ಬಿಡಬಾರದು. ಇದನ್ನು ಮಾಡಿದ್ದು, ಆಟದಿಂದ ದುಡ್ಡನ್ನು ದೂರ ಇಡಬೇಕು ಅಂತಲೇ ಕಟ್ಟಿದ ಕೂಟದ ಮೂಲ ಸದಸ್ಯ ಕಾಲೇಜು, ಕೂಟ ಹುಟ್ಟಿದ ಐದೇ ವರ್ಷಕ್ಕೆ.

ಇದರಲ್ಲಿ ನನಗೆ ಲೀ ಮೇಲೆ ಸಿಟ್ಟಿಲ್ಲ. ಯಾಕೆಂದರೆ ನಾನೂ ಆ ಜಾತಿಯವನೇ. ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ಎರಡು ವರ್ಷ ಕಬಡ್ಡಿ ಟೀಮಿನ ಮ್ಯಾನೇಜರ್ ಆಗಿದ್ದೆ. ಆಡೋಕೆ ಬರದವನಿಗೆ ಅಕ್ಷರ ಚೆನ್ನಾಗಿದೆ ಅಂತ ಸಿಕ್ಕಿದ ಪಟ್ಟ ಅದು. ಹನ್ನೆರಡು ಹುಡುಗರ ಟಿಎ, ಡಿಎ, ಬಸ್ ಟಿಕೆಟ್ಟು, ಹೋಟೆಲಿನ ಬಿಲ್ಲು ಎಲ್ಲ ನನ್ನ ಜೇಬಿನಲ್ಲಿ. ನಮ್ಮ ಪಿಡಿ ಸರ್ ಹೇಳ್ತಿದ್ರು, “ಲೆಕ್ಕ ಸರಿ ಇದ್ದು ಸೋತ್ರೂ ನಾನು ಪ್ರಿನ್ಸಿಪಾಲ್ರ ಮುಖ ನೋಡಬಲ್ಲೆ ಕಣಯ್ಯ. ಗೆದ್ದು ವೋಚರ್ ಕಳೆದ್ಯೋ, ಇಬ್ರೂ ಸತ್ವಿ.” ಹಾಗಾಗಿ ಹಳೆಯ ಟೀಮ್ ಫೋಟೋ ಎಲ್ಲೇ ಕಂಡರೂ ಜರ್ಸಿ ಹಾಕದೆ ನಿಂತ ಹುಡುಗನನ್ನು ನನ್ನ ಕಣ್ಣು ಮೊದಲು ಹುಡುಕುತ್ತದೆ.

ಸಿಟ್ಟು ಬರೋದು ಬೇರೆ ಕಡೆ. ಆ ತಂಡದಲ್ಲಿ ಸಿಮ್ಕಿನ್ಸ್ ಅಂತ ಒಬ್ಬ ಫುಲ್‌ಬ್ಯಾಕ್ ಇದ್ದ. ಆಟದಲ್ಲಿ ತಿಂದ ಪೆಟ್ಟಿನಿಂದಾಗಿ ಮುಂದೆ ಅವನ ಎರಡೂ ಕಾಲು ತೆಗೆಯಬೇಕಾಯಿತಂತೆ. ಎರಡು ವರ್ಷ ಹಿಂದೆ, 1897ರಲ್ಲಿ, ಇದೇ ಕೂಟದ ಜಾರ್ಜಿಯಾ ತಂಡದ ವಾನ್ ಗ್ಯಾಮನ್ ಎಂಬ ಹುಡುಗ ಅಟ್ಲಾಂಟಾದ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ಸತ್ತ. ಆ ರಾಜ್ಯದ ಶಾಸನಸಭೆ ಫುಟ್‌ಬಾಲನ್ನೇ ನಿಷೇಧಿಸುವ ಮಸೂದೆ ಪಾಸು ಮಾಡಿತು. ನಿಲ್ಲಿಸಬೇಡಿ, ಮಗನಿಗೆ ಪ್ರಿಯವಾಗಿದ್ದ ಆಟ ಅದು ಅಂತ ಕಾಗದ ಬರೆದದ್ದು ಹೆತ್ತ ತಾಯಿಯೇ. ರಾಜ್ಯಪಾಲರು ಸಹಿ ಹಾಕಲಿಲ್ಲ, ಆಟ ಉಳಿಯಿತು. ಆ ತಾಯಿಯನ್ನು ಇಲ್ಲಿ ಹೊಗಳುತ್ತಾರೆ. ನನಗೆ ಆ ಕಾಗದದ ವಿಷಯ ಓದಿ ಹೊಗಳಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆದ್ದರಿಂದ ‘ಹುಡುಗರಿಗೆ ಈಗ ಸಂಬಳ ಕೊಡ್ತಾರಂತೆ, ಆಟ ಕೆಟ್ಟಿತು’ ಅನ್ನುವವರ ಜೊತೆ ನಾನು ನಿಲ್ಲಲಾರೆ. ಗೇಟಿನಲ್ಲಿ ದುಡ್ಡು 1899ರಲ್ಲೂ ಎಣಿಸುತ್ತಿದ್ದರು. ಪೆಟ್ಟು ತಿನ್ನುವ ಮಂಡಿ ಮಾತ್ರ ಹುಡುಗರದ್ದು. ನೂರಿಪ್ಪತ್ತೈದು ವರ್ಷ ಆದಮೇಲೆ ಮಂಡಿ ಇದ್ದವನಿಗೂ ಒಂದು ಪಾಲು ಅಂತ ಕೋರ್ಟು ಹೇಳಿದರೆ ಅದರಲ್ಲಿ ಅಪವಿತ್ರವಾಗಿದ್ದು ಏನು?

ಇನ್ನೊಂದು ವಿಷಯ, ಈ ‘ಪವಿತ್ರ ಕಾಲ’ದ ಕೂಟದ ಮೈದಾನಗಳಲ್ಲಿ ಆಡಿದವರೆಲ್ಲ ಬಿಳಿಯ ಹುಡುಗರೇ. ಕಪ್ಪು ಜನರ ಕಾಲೇಜುಗಳು ತಮ್ಮ ಮೊದಲ ಪಂದ್ಯವನ್ನು 1892ರಲ್ಲೇ ನಾರ್ತ್ ಕ್ಯಾರೊಲಿನಾದ ಸಾಲ್ಸ್‌ಬರಿಯಲ್ಲಿ ಆಡಿದ್ದವು. ಆದರೂ ಡಡ್ಲಿಯವರ ಕೂಟದಲ್ಲಿ ಅವರಿಗೆ ಜಾಗವಿರಲಿಲ್ಲ. ಕಪ್ಪು ಜನರಿಗೆ ರೈಲಿನಲ್ಲಿ ಬೇರೆ ಡಬ್ಬಿ ಇಟ್ಟರೆ ತಪ್ಪಿಲ್ಲ ಅಂತ ಸುಪ್ರೀಂ ಕೋರ್ಟು 1896ರಲ್ಲಿ ತೀರ್ಪು ಕೊಟ್ಟಿತ್ತು. ಆ ಮೊಕದ್ದಮೆ ಶುರುವಾಗಿದ್ದೇ ಸವಾನಿ ಹುಡುಗರು ಹೋಗಿ ಆಡಿದ ನ್ಯೂ ಆರ್ಲಿಯನ್ಸ್‌ನಲ್ಲಿ.

ಮ್ಯಾನೇಜರ್ ಲೀಯ ಮುಂದಿನ ಕಥೆ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. 1907ರಲ್ಲಿ ನ್ಯಾಶ್‌ವಿಲ್‌ನಲ್ಲಿ ಪತ್ರಿಕೆ ಶುರು ಮಾಡಿದ, 1911ರಲ್ಲಿ ಅಮೆರಿಕದ ಸೆನೆಟರ್ ಆದ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಜನವರಿಯಲ್ಲಿ, ನಾಲ್ಕಾರು ಸೈನಿಕರನ್ನು ಕಟ್ಟಿಕೊಂಡು ಹಾಲೆಂಡಿಗೆ ಕಾರು ಓಡಿಸಿದ. ಅಲ್ಲಿ ಕೋಟೆಮನೆಯಲ್ಲಿ ಅಡಗಿದ್ದ ಜರ್ಮನಿಯ ಮಾಜಿ ಚಕ್ರವರ್ತಿ ಕೈಸರನನ್ನು ಎತ್ತಿಕೊಂಡು ಬರೋದು ಉದ್ದೇಶ! ಕೈಸರ್ ಸಿಗಲಿಲ್ಲ. ಜೊತೆಗಿದ್ದವನೊಬ್ಬ ಒಂದು ಆ್ಯಷ್‌ಟ್ರೇ ಜೇಬಿಗಿಳಿಸಿಕೊಂಡು ಬಂದ. ಮುಂದೆ ಬ್ಯಾಂಕ್ ವಂಚನೆ ಪ್ರಕರಣದಲ್ಲಿ 1931ರಲ್ಲಿ ಲೀಗೆ ಶಿಕ್ಷೆಯಾಯಿತು, ಜೈಲಿಗೂ ಹೋದ, 1937ರಲ್ಲಿ ಕ್ಷಮಾದಾನ ಸಿಕ್ಕಿತು. ನಾನು ಭಾನುವಾರ ನಡೆಯಲು ಹೋಗುವ ಪರ್ಸಿ ವಾರ್ನರ್ ಪಾರ್ಕಿಗೆ ಮೊದಲ 868 ಎಕರೆ ದಾನ ಕೊಟ್ಟವನೂ ಅವನೇ. ಆ ಏರು ಹತ್ತುವಾಗ ಪ್ರತಿಸಲ ನನಗೆ ಖಾಲಿ ಗಲ್ಲಾಪೆಟ್ಟಿಗೆ ನೆನಪಾಗುತ್ತದೆ.

ಮೊನ್ನೆ ಹೆಂಡತಿ ಮಗನನ್ನು ಕರೆದುಕೊಂಡು ಸವಾನಿಗೆ ಹೋಗಿದ್ದೆ. ಮಾಂಟೀಗಲ್ ಘಾಟಿಯಲ್ಲಿ ಲಾರಿಗಳು ಉಸ್ಸಪ್ಪಾ ಅಂತ ಏರುತ್ತವೆ. ಇಳಿಜಾರಿನಲ್ಲಿ ಬ್ರೇಕ್ ಹೋದ ಲಾರಿ ನುಗ್ಗಲು ಪಕ್ಕದಲ್ಲಿ ಜಲ್ಲಿ ಸುರಿದ ದಾರಿ ಮಾಡಿದ್ದಾರೆ. ಮೇಲೆ ಕಲ್ಲಿನ ಕಟ್ಟಡಗಳು, ಕಾಡು, ತಣ್ಣನೆ ಗಾಳಿ. ಮೈದಾನ ಅದೇ ಜಾಗದಲ್ಲಿದೆ, 1891ರಿಂದ ಅಲ್ಲಿ ಆಡುತ್ತಿದ್ದಾರೆ. ಒಂದು ಬದಿಗೆ ಒಂದಿಷ್ಟು ಮೆಟ್ಟಿಲು. ನಮ್ಮ ತಾಲ್ಲೂಕು ಕ್ರೀಡಾಂಗಣ ಇದಕ್ಕಿಂತ ದೊಡ್ಡದು.

ಸವಾನಿ 1932ರಲ್ಲಿ ಎಸ್‌ಇಸಿಯ ಸ್ಥಾಪಕ ಸದಸ್ಯರಲ್ಲೂ ಒಬ್ಬ. ಅಲ್ಲಿ ಆಡಿದ 37 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲದೆ 1940ರಲ್ಲಿ ಹೊರಬಂತು. ಈಗ ಆಡೋದು ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲದ ಮೂರನೇ ದರ್ಜೆಯಲ್ಲಿ. ಅವತ್ತು ಮೈದಾನದಲ್ಲಿ ಇಬ್ಬರು ಹುಡುಗರು ಬಿಳಿ ಗೆರೆಯ ಪಕ್ಕ ಚೆಂಡು ಎಸೆದಾಡುತ್ತಿದ್ದರು, ಅಷ್ಟೆ. ಕೂಟದಲ್ಲೇ ಉಳಿದಿದ್ದರೆ ಇವರಿಗೂ ವರ್ಷಕ್ಕೆ 5 ಕೋಟಿ ಡಾಲರ್ ಬರುತ್ತಿತ್ತು ಅಂತ ನಾನು ಗೊಣಗಿದೆ. ಹೆಂಡತಿ, “ಬಂದಿದ್ರೆ ನಿಮ್ಮನ್ನ ಹೀಗೆ ಬಿಟ್ಟಿಯಾಗಿ ಒಳಗೆ ಬಿಡ್ತಿದ್ರಾ?” ಅಂದಳು.

ಆ ಪ್ರವಾಸದ ಬಗ್ಗೆ ಹಲವು ದಂತಕಥೆಗಳಿವೆ. ಹೊರಗಿನ ನೀರು ಒಗ್ಗಲ್ಲ ಅಂತ ಬೆಟ್ಟದ ಒರತೆಯ ನೀರನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ಹೋದರಂತೆ. ರೈಲು ಹೊರಟ ಮೇಲೆ ನೋಡಿದರೆ ಆಟದ ಶೂಗಳನ್ನೇ ಬಿಟ್ಟು ಬಂದಿದ್ದರಂತೆ, ಲೀ ತಂತಿ ಕಳಿಸಿ ತರಿಸಿದನಂತೆ. ಘಾಟಿ ಇಳಿಯುವಾಗ ಮಗ ಕೇಳಿದ, “ಅಪ್ಪಾ, ಇದೆಲ್ಲ ನಿಜಾನಾ?”

ನೀರಿನದು ನಂಗೊತ್ತಿಲ್ಲ ಕಂದ, ಶೂ ಕಥೆ ಮಾತ್ರ ನಿಜ ಇರಬಹುದು ಅಂದೆ. ಭದ್ರಾವತಿ ಬಸ್ ಸ್ಟ್ಯಾಂಡಿನಲ್ಲಿ ಹನ್ನೆರಡು ಜೊತೆ ಜರ್ಸಿ, ನೀಕ್ಯಾಪ್ ಇದ್ದ ಚೀಲವನ್ನು ಬೆಂಚಿನ ಮೇಲೆ ಬಿಟ್ಟು, ವೋಚರ್ ಫೈಲನ್ನು ಮಾತ್ರ ಎದೆಗವಚಿಕೊಂಡು ಬಸ್ ಹತ್ತಿದವನು ನಾನು. ಆ ದಿನ ನಮ್ಮ ಹುಡುಗರು ಆತಿಥೇಯ ಕಾಲೇಜಿನ ಹಳೇ ಬನಿಯನ್ ಹಾಕಿಕೊಂಡು ಆಡಿದರು. ಲೆಕ್ಕ ಸರಿಯಾಗಿತ್ತು.