ಗೂಸ್ ಬೇರೆಯಲ್ಲ, ಹಂಸ ಬೇರೆಯಲ್ಲ

ಹೆಬ್ಬಾತಿನ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಅದರ ಇಂಗ್ಲಿಷ್ ಹೆಸರು 'ಗೂಸ್' ಅನ್ನೋದು ಹಕ್ಕಿಯ ಕೂಗಿನಿಂದ ಬಂದ ಹೆಸರು ಅಂತ ಅಷ್ಟಕ್ಕೇ ಬಿಟ್ಟಿದ್ದೀರಿ. ಅದು ನಮ್ಮ 'ಹಂಸ'ದ ನೆಂಟ ಅಲ್ವಾ! ಜರ್ಮನ್ನರು ಇಂದಿಗೂ 'ಗಾನ್ಸ್' ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಸಕಾರದ ಹಿಂದಿದ್ದ ನಕಾರ ಬಿದ್ದುಹೋಗಿ ಸ್ವರ ದೀರ್ಘವಾಯಿತು. ಲ್ಯಾಟಿನ್ನಿನ 'ಆನ್ಸೆರ್'ನಲ್ಲಿ ಮೊದಲ ಹಕಾರವೇ ಮಾಯ. ಕನ್ನಡವೂ ಹಾಗೇ ಮಾಡಿದೆ ನೋಡಿ: ಹಳಗನ್ನಡದಲ್ಲಿ ಹಂಸಕ್ಕೆ 'ಅಂಚೆ'. ಆ ತದ್ಭವ ಈಗ ಯಾರಿಗೂ ನೆನಪಿಲ್ಲ, ಅಂಚೆ ಅಂದರೆ ಟಪಾಲು ಅಷ್ಟೇ.

ಇನ್ನೊಂದು ತಕರಾರು. ಹಂಸ ಅಂದರೆ ಉದ್ದ ಕೊರಳಿನ ಬಿಳಿ ಸ್ವಾನ್ ಅಂತ ಚಿತ್ರ ಹಾಕಿದ್ದೀರಿ. ಸ್ವಾನ್ ಭಾರತಕ್ಕೆ ಬರೋದೇ ಅಪರೂಪ. ಚಳಿಗಾಲದಲ್ಲಿ ಹಿಮಾಲಯ ದಾಟಿ ಹಿಂಡುಹಿಂಡಾಗಿ ಬರೋದು ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ. ಮಾನಸ ಸರೋವರದ ಹಂಸ ಅಂತ ಹಳೆಯ ಕವಿಗಳು ಹಾಡಿದ್ದು ಇದನ್ನೇ ಇರಬೇಕು ಅಂತ ನನಗನ್ನಿಸುತ್ತೆ. ಹಾಲು-ನೀರು ಬೇರೆ ಮಾಡೋ ಕಥೆಗೆ ಬಿಳಿ ಬಣ್ಣ ಜಾಸ್ತಿ ಒಪ್ಪಿತೇನೋ!

ಅಂದ ಹಾಗೆ, 'ಹೆಬ್ಬಾತು' ಒಳ್ಳೆಯ ಪದ. ಹೆಬ್ಬಾವು, ಹೆಬ್ಬೆರಳಿನ 'ಹೆರ್' (ಅಂದರೆ ದೊಡ್ಡ) ಅದರಲ್ಲೂ ಇದೆ.