ಬಿ.ಡೆಸ್‌ನಿಂದ ಪಿಎಚ್‌ಡಿ ತನಕ: ಡಿಸೈನನ್ನ ಕಾಲೇಜಲ್ಲೇ ಓದ್ಬೇಕಾ?

ಪರ: ಓದ್ಬೇಕು, ಆಗೋದಾದ್ರೆ ಪಿಎಚ್‌ಡಿ ತನಕ

ನಾನು ಬಿ.ಡೆಸ್, ಅಂದ್ರೆ ಡಿಸೈನ್ ಡಿಗ್ರಿ, ಓದ್ತೀನಿ ಅಂದಾಗ ಅಮ್ಮ ಕೇಳಿದ್ದು ಒಂದೇ ಮಾತು, ಚಿತ್ರ ಬಿಡಿಸೋಕೆ ನಾಲ್ಕು ವರ್ಷ ಯಾಕ್ ಬೇಕು ಅಂತ. ಆಗ ನನ್ ಹತ್ರ ಉತ್ತರ ಇರ್ಲಿಲ್ಲ. ಮೊದಲನೇ ವರ್ಷ ಪೂರ್ತಿ ಕಾಗದ, ಮರ, ಜೇಡಿಮಣ್ಣು ಕೈಯಲ್ಲಿ ಹಿಡಿದು ನೋಡೋದ್ರಲ್ಲೇ ಹೋಯ್ತು, ಮಾಡಿದ್ದನ್ನ ಗೋಡೆಗೆ ಅಂಟಿಸಿ ಇಡೀ ಕ್ಲಾಸಿನ ಎದುರು ನಿಲ್ಬೇಕು, ಯಾಕ್ ಹೀಗ್ ಮಾಡ್ದೆ ಅಂತ ಕೇಳಿದ್ರೆ ನಂಗೆ ಚೆನ್ನಾಗ್ ಕಾಣಿಸ್ತು ಅನ್ನೋ ಉತ್ತರ ನಡೆಯಲ್ಲ. ಸಾಫ್ಟ್‌ವೇರ್ ಯೂಟ್ಯೂಬ್ ನೋಡಿ ಕಲೀಬಹುದು, ಹೀಗೆ ನಿಲ್ಲಿಸಿ ಕೇಳೋರು ಮನೇಲಿ ಕೂತ್ರೆ ಸಿಗಲ್ಲ.

ನಾವು ವೋಟ್ ಹಾಕೋ ಇವಿಎಂನೇ ತಗೊಳ್ಳಿ. ಬೆಂಗ್ಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್ ಅನ್ನೋ ಸರ್ಕಾರಿ ಕಂಪನಿಗಳು ತಯಾರು ಮಾಡೋ ಆ ಮಷೀನಿಗೆ ರೂಪ ಕೊಟ್ಟೋರು ಐಐಟಿ ಬಾಂಬೆಯ ಡಿಸೈನ್ ವಿಭಾಗ ಐಡಿಸಿಯ ಮೇಷ್ಟ್ರುಗಳು. ಚಿಹ್ನೆ, ಅದರ ಪಕ್ಕಕ್ಕೇ ನೀಲಿ ಬಟನ್, ಒತ್ತಿದ್ರೆ ಕೆಂಪು ದೀಪ, ಉದ್ದಕ್ಕೊಂದು ಬೀಪ್. ಅಕ್ಷರ ಬರದ ನಮ್ಮಜ್ಜಿ ಯಾರನ್ನೂ ಕೇಳದೆ ವೋಟ್ ಹಾಕಿ ಬರ್ತಿದ್ರು. 2010ರಲ್ಲಿ ಬಂದ ರೂಪಾಯಿ ಚಿಹ್ನೆ ಬರೆದ ಉದಯ ಕುಮಾರ್ ಕೂಡ ಅದೇ ಐಡಿಸಿಲಿ ತಮಿಳು ಅಕ್ಷರಗಳ ಮೇಲೆ ಪಿಎಚ್‌ಡಿ ಮಾಡಿದೋರು.

ನಂಗೆ ಹೊಟ್ಟೆ ಉರಿಯೋದು ಇಲ್ಲೇ, ಕನ್ನಡಕ್ಕೆ ಅಂಥ ಕೆಲ್ಸ ಇನ್ನೂ ಎಷ್ಟೊಂದು ಬಾಕಿ ಇದೆ. ಫೋನಲ್ಲಿ ಕನ್ನಡ ಆಪ್ ತೆಗೀರಿ, ಎಷ್ಟೋ ಕಡೆ ಬಟನ್ ಒಳಗೆ ಒತ್ತಕ್ಷರದ ತಳ ಕತ್ತರಿಸಿ ಹೋಗಿರತ್ತೆ. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಡಬ್ಬೀಲಿ ಕನ್ನಡ ತುಂಬಿದ್ರೆ ಇನ್ನೇನಾಗತ್ತೆ? ಲಕ್ಷ್ಮಿ ಅಂತ ಬರೆದ್ರೆ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು. ಸಾಲಿನ ಮಧ್ಯೆ ಎಷ್ಟು ಜಾಗ ಬಿಟ್ರೆ ಓದೋಕೆ ಹಗುರ, ಪೊರೆ ಬಂದ ಕಣ್ಣಿಗೆ ಅದು ಸಾಕಾ, ಇದನ್ನೆಲ್ಲ ನೂರಾರು ಜನರ ಹತ್ರ ಓದ್ಸಿ ಅಳೆದು ನೋಡ್ಬೇಕು. ಮುಂದಿನ ವಾರ ಲಾಂಚ್ ಇರೋ ಕ್ಲೈಂಟ್ ಇದಕ್ಕೆ ದುಡ್ಡು ಕೊಡಲ್ಲ. ನಾಲ್ಕೈದು ವರ್ಷ ಒಂದೇ ಪ್ರಶ್ನೆ ಹಿಡ್ಕೊಂಡು ಕೂರೋಕೆ ಯೂನಿವರ್ಸಿಟಿ ಬಿಟ್ರೆ ಬೇರೆ ಜಾಗ ಇಲ್ಲ. ಬೆಂಗ್ಳೂರಲ್ಲೇ ಐಐಎಸ್‌ಸಿಲಿ ಎಂ.ಡೆಸ್ (ಬಿ.ಡೆಸ್ ಮೇಲಿನ ಡಿಗ್ರಿ) ಇದೆ, ಪಿಎಚ್‌ಡಿನೂ ಇದೆ. ನಮ್ಮ ಹುಡುಗ್ರು ಕನ್ನಡದ ಪ್ರಶ್ನೆ ಇಟ್ಕೊಂಡು ಅಲ್ಲಿಗೆ ಹೋಗ್ಬೇಕು.

ವಿರೋಧ: ಕೆಲ್ಸ ಕಲಿಯೋ ಜಾಗ ಕೆಲ್ಸದ ಜಾಗಾನೇ

ಪಿಯುಸಿ ಮುಗಿಸಿ ದಾವಣಗೆರೆಲಿ ಒಂದು ಪ್ರೆಸ್ಸಿಗೆ ಸೇರಿದೆ, ಮದುವೆ ಕಾರ್ಡಲ್ಲಿ ಅಕ್ಷರ, ಚಿತ್ರ ಕೂರಿಸೋ ಕೆಲ್ಸ. ಸೇರಿದ ತಿಂಗಳೇ ಅಂಚಿಗೆ ಬ್ಲೀಡ್ (ಕತ್ತರಿಸೋವಾಗ ಹೋಗ್ಲಿ ಅಂತ ಹೆಚ್ಚಿಗೆ ಬಿಡೋ ಭಾಗ) ಬಿಡದೆ ಫೈಲ್ ಕೊಟ್ಟು ಒಂದು ಸಾವಿರ ಕಾರ್ಡ್ ಕಟಿಂಗಲ್ಲಿ ಹಾಳಾದ್ವು. ಓನರ್ ಅಣ್ಣ ಬೈಲಿಲ್ಲ, ಹಾಳಾದ ಕಾರ್ಡ್ ಒಂದನ್ನ ಕೈಗೆ ಕೊಟ್ಟು ಇಟ್ಕೋ ಅಂದ್ರು. ಈಗ್ಲೂ ನನ್ ಹತ್ರ ಇದೆ. ಒತ್ತಿಗೆ ಎಷ್ಟು ಜಾಗ ಬಿಡ್ಬೇಕು ಅನ್ನೋದೂ ಅಲ್ಲೇ ಕಲ್ತೆ, ಮೇಲೆ ಪರ ಬರೆದೋರು ಹೇಳಿರೋ ಪಿಎಚ್‌ಡಿ ಪ್ರಶ್ನೆಗೆ ಪ್ರೆಸ್ಸಲ್ಲಿ ದಿನಾ ಉತ್ತರ ಹುಡುಕ್ತಾ ಇರ್ತಾರೆ, ಅದನ್ನ ರಿಸರ್ಚ್ ಪೇಪರ್ ಅಂತ ಪ್ರಿಂಟ್ ಹಾಕ್ಸಲ್ಲ ಅಷ್ಟೇ.

ನಾವೆಲ್ಲ ಕನ್ನಡ ಟೈಪ್ ಮಾಡೋ ಆ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಕೆ ಒತ್ತಿದ್ರೆ ಕ, ಶಿಫ್ಟ್ ಜೊತೆ ಒತ್ತಿದ್ರೆ ಖ. ಅವ್ರು ಡಿಸೈನ್ ಸ್ಕೂಲಲ್ಲಿ ಓದಿದೋರಲ್ಲ, ಅಕ್ಷರ ಜೋಡಣೆ ಕೆಲ್ಸ ಮಾಡಿದೋರು. ಕನ್ನಡಕ್ಕೆ ಅದಕ್ಕಿಂತ ದೊಡ್ಡ ಡಿಸೈನ್ ನಂಗಂತೂ ಗೊತ್ತಿಲ್ಲ.

ಬಿ.ಡೆಸ್ ನಾಲ್ಕು, ಎಂ.ಡೆಸ್ ಎರಡು, ಪಿಎಚ್‌ಡಿ ನಾಲ್ಕೈದು, ಲೆಕ್ಕ ಹಾಕಿ, ಹತ್ತು ಹನ್ನೊಂದು ವರ್ಷ ಆಯ್ತು. ಅಷ್ಟು ವರ್ಷ ಮಗನನ್ನ ಓದ್ಸೋ ಮನೆ ಎಷ್ಟಿವೆ? ಒಳಗೆ ಹೋಗೋ ಬಾಗ್ಲೇ ಕಷ್ಟ, ಐಐಟಿಗಳ ಬಿ.ಡೆಸ್‌ಗೆ ಬರೆಯೋ ಯೂಸೀಡ್ ಅನ್ನೋ ಪ್ರವೇಶ ಪರೀಕ್ಷೆ ಪೇಪರ್ ಇಂಗ್ಲಿಷಲ್ಲಿ ಇರತ್ತೆ, ಕನ್ನಡ ಮೀಡಿಯಂ ಹುಡುಗ ಚಿತ್ರ ಎಷ್ಟೇ ಚೆನ್ನಾಗ್ ಬಿಡಿಸ್ಲಿ ಪ್ರಶ್ನೆ ಅರ್ಥ ಆಗೋದ್ರಲ್ಲೇ ಟೈಮ್ ಹೋಗತ್ತೆ.

ಇನ್ನೊಂದ್ ಮಾತು. ಚನ್ನಪಟ್ಟಣಕ್ಕೆ ಡಿಸೈನ್ ವಿದ್ಯಾರ್ಥಿಗಳು ಬರ್ತಾರೆ, ಆಲೆ ಮರ ತಿರುಗಿಸಿ ಅರಗಿನ ಬಣ್ಣ ಹಚ್ಚೋರ ಪಕ್ಕ ಕೂತು ಬರ್ಕೊಂಡು ಹೋಗ್ತಾರೆ, ಅದು ಮಾರ್ಕ್ಸ್ ಆಗತ್ತೆ. ಹೇಳಿಕೊಟ್ಟ ಆ ಯಜಮಾನ್ರು ಅದೇ ಕಾಲೇಜಲ್ಲಿ ಮೇಷ್ಟ್ರಾಗ್ತೀನಿ ಅಂದ್ರೆ ಮೊದ್ಲು ಡಿಗ್ರಿ ಕೇಳ್ತಾರೆ. ನಂಗೂ ಹಾಗೇ ಆಯ್ತು, ಬೆಂಗ್ಳೂರಲ್ಲಿ ಒಂದು ಕಂಪನಿಯವ್ರು ನನ್ ಕೆಲ್ಸ ನೋಡಿ ಮೂರು ರೌಂಡ್ ಮೆಚ್ಕೊಂಡ್ರು, ನಾಲ್ಕನೇದ್ರಲ್ಲಿ ಫಾರ್ಮಲ್ಲಿ ಡಿಗ್ರಿ ಜಾಗ ಖಾಲಿ ಇದೆ ಅಂತ ವಾಪಸ್ ಕಳ್ಸಿದ್ರು. ಅವತ್ತು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯ್ತಾ ಕೂತಾಗ ಪಟ್ಟ ಸಂಕಟ ಯಾರಿಗೂ ಬೇಡ.

ಅಕ್ಕನ ಮಗ ಈಗ ಸೆಕೆಂಡ್ ಪಿಯುಸಿ ಬರೆದಿದಾನೆ, ಡಿಸೈನ್ ಓದ್ತೀನಿ ಅಂತಾನೆ. ಮೊದ್ಲು ರಜೆಗೆ ಪ್ರೆಸ್ಸಿಗೆ ಬಾ ಅಂದಿದೀನಿ. ಸೋಮವಾರ ಬರ್ತಾನೆ.